ಘಾಟಿ ಮುಚ್ಚಿದ ದಿನದ ಬಾಡಿಗೆ ಯಾರ ಲೆಕ್ಕಕ್ಕೆ?



ಮಳೆಗಾಲದ ಒಂದು ಸಂಜೆ ನಮ್ಮೂರಿನ ಜೀಪ್ ಸ್ಟ್ಯಾಂಡಿನಲ್ಲಿ ನಡೆದ ಮಾತುಕತೆಯಿಂದ ಈ ಸಂಚಿಕೆಯ ಸಂಪಾದಕೀಯವನ್ನು ಆರಂಭಿಸಬೇಕಾಗಿದೆ. ಘಾಟಿಯಲ್ಲಿ ಮಣ್ಣು ಜರಿದು ಸಂಚಾರ ನಿಂತು ಒಂಬತ್ತು ದಿನಗಳಾಗಿದ್ದವು. ಐದಾರು ಜೀಪುಗಳು ಸಾಲಾಗಿ ನಿಂತಿದ್ದವು. ಪ್ರಾಯದ ಚಾಲಕನೊಬ್ಬ ನಮ್ಮ ಪತ್ರಿಕೆಯ ಹಿಂದಿನ ಸಂಚಿಕೆಯನ್ನು ಮಡಚಿ ಸೀಟಿನ ಮೇಲಿಟ್ಟಿದ್ದ. ಗುಡ್ಡದ ಮೇಲಿನ ತಾಣಗಳಿಗೆ ಹೋಗುವ ವಾಹನಗಳಿಗೆ ಮಿತಿ ಹಾಕಬೇಕೆಂದು ನಾವು ಬರೆದ ಸಂಚಿಕೆ ಅದು. "ಗುಡ್ಡ ಉಳೀಬೇಕು ಅಂತ ನಾವೂ ಹೇಳ್ತೇವೆ ಮಾರಾಯ್ರೆ. ಗುಡ್ಡ ಜರಿದ್ರೆ ಮೊದಲು ಹೋಗೋದು ನಮ್ಮ ಮನೆಯೇ. ಆದ್ರೆ ಗಾಡಿ ನಿಂತ ದಿನದ ಕಂತು ಯಾರು ಕಟ್ಟೋದು? ಅದನ್ನ ನೀವು ಬರೀಲಿಲ್ಲ" ಎಂದ.

ಆ ಮಾತಿಗೆ ನನ್ನಲ್ಲಿ ಅಂದು ಉತ್ತರವಿರಲಿಲ್ಲ. ನಾವು ಬರೆಯಲಿಲ್ಲ ಎಂಬುದು ಮಾತ್ರ ನಿಜವಾಗಿತ್ತು. ಆ ಕೊರತೆಯನ್ನು ಈ ಸಲ ತುಂಬಿಸುವ ಪ್ರಯತ್ನ ಮಾಡುತ್ತಿದ್ದೇನೆ.

ಪಟ್ಟಣಿಗರಿಗೆ ಟ್ಯಾಕ್ಸಿ ಎಂದರೆ ಅನುಕೂಲಸ್ಥರ ಸವಾರಿ. ಮಲೆನಾಡಿನಲ್ಲಿ ಅದರ ಅರ್ಥವೇ ಬೇರೆ. ಬಸ್ಸು ಮುಖ್ಯರಸ್ತೆಯಲ್ಲಿಯೇ ನಿಂತುಬಿಡುವ ಊರುಗಳಲ್ಲಿ ಬಾಡಿಗೆ ಜೀಪೇ ಬಸ್ಸು, ಅದೇ ಆಂಬುಲೆನ್ಸ್, ಅಡಿಕೆ ಮೂಟೆಯನ್ನು ಸೊಸೈಟಿಗೆ ಮುಟ್ಟಿಸುವುದೂ ಅದೇ. ಹೆರಿಗೆ ನೋವು ಕಾಣಿಸಿಕೊಂಡ ನಡುರಾತ್ರಿ ನಾವು ಮೊದಲು ಫೋನ್ ಮಾಡುವುದು ಪರಿಚಯದ ಜೀಪಿನವನಿಗೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ನೀಡಿತು, ಅದು ಒಳ್ಳೆಯದೇ. ಆದರೆ ಬಸ್ಸೇ ಬಾರದ ಊರಿನ ಹೆಂಗಸು ಇಂದಿಗೂ ಸೀಟಿಗೆ ಇಷ್ಟೆಂದು ಕೊಟ್ಟು ಜೀಪಿನಲ್ಲಿಯೇ ಸಂತೆಗೆ ಹೋಗುತ್ತಾಳೆ. ಆದ್ದರಿಂದ ಚಾಲಕನ ಸಂಕಷ್ಟವು ಅವನೊಬ್ಬನ ಮನೆಯ ವಿಚಾರವಲ್ಲ. ಸಾಲದ ಕಂತು ಕಟ್ಟಲಾಗದೆ ಅವನು ಗಾಡಿ ಮಾರಿದರೆ ಇಡೀ ಹಳ್ಳಿ ಕಾಲು ಕಳೆದುಕೊಂಡಂತೆ.

ಅವನ ದುಡಿಮೆ ನಿಲ್ಲುವುದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ. ಮೊದಲನೆಯದು ನಿಸರ್ಗದ ಪೆಟ್ಟು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಮಡಿಕೇರಿ–ಮಂಗಳೂರು ಹೆದ್ದಾರಿ ತುಂಡಾಯಿತು, ಜಿಲ್ಲೆಗೆ ಪ್ರವಾಸಿಗರು ಬರುವುದೂ ನಿಂತಿತು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಹಲವೆಡೆ ಗುಡ್ಡ ಜರಿದು, ಸಂಚಾರ ಮೊದಲಿನ ಸ್ಥಿತಿಗೆ ಬರಲು ತಿಂಗಳುಗಳೇ ಬೇಕಾದವು.

ಎರಡನೆಯದು ಆದೇಶದ ಮೂಲಕ ಬರುವ ನಿರ್ಬಂಧ. ಮದ್ರಾಸ್ ಹೈಕೋರ್ಟಿನ ಆದೇಶದಂತೆ ಊಟಿ ಮತ್ತು ಕೊಡೈಕೆನಾಲ್‌ಗಳಿಗೆ ಹೋಗುವ ಹೊರಗಿನ ವಾಹನಗಳಿಗೆ 2024ರ ಮೇ 7ರಿಂದ ಇ-ಪಾಸ್ ಕಡ್ಡಾಯವಾಯಿತು. 2025ರ ಏಪ್ರಿಲ್‌ನಲ್ಲಿ ನೀಲಗಿರಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ಪ್ರವಾಸಿ ವಾಹನಗಳ ಮಿತಿ ಬಂದಿತು. ಮೈಸೂರಿನಿಂದ ಊಟಿಗೆ ಬಾಡಿಗೆ ಹೋಗುವ ನಮ್ಮ ಚಾಲಕನಿಗೂ ಇದು ಅನ್ವಯಿಸಿತು. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಭಾಗದ ತಾಣಗಳಿಗೂ 2025ರ ಸೆಪ್ಟೆಂಬರ್‌ನಿಂದ ಮುಂಗಡ ಆನ್‌ಲೈನ್ ನೋಂದಣಿ ಮತ್ತು ವಾಹನಗಳ ಮಿತಿ ಜಾರಿಗೆ ಬಂದವು.

ಇಂಥ ನಿರ್ಬಂಧಗಳು ಬೇಕೇ ಬೇಕು ಎಂಬುದು ನಮ್ಮ ಬಳಗದ ನಿಲುವು. ಶೋಲಾ ಕಾಡಿನ ಅಂಚಿನ ಹುಲ್ಲುಗಾವಲಿನ ಮೇಲೆ ಒಮ್ಮೆ ಚಕ್ರ ಹರಿದು ಮಣ್ಣು ಗಟ್ಟಿಯಾದರೆ ಮಳೆನೀರು ಒಳಗೆ ಇಂಗುವುದಿಲ್ಲ; ಅದೇ ಜಾಡಿನಲ್ಲಿ ಹರಿದು ಕೊರಕಲು ಬೀಳುತ್ತದೆ. ಕೆಳಗಿನ ತೋಟದ ಝರಿ ಬೇಸಿಗೆಯಲ್ಲಿ ಬೇಗ ಬತ್ತುವುದಕ್ಕೂ ಮೇಲಿನ ಈ ಗಾಯಕ್ಕೂ ಸಂಬಂಧವಿದೆ. ನಿಲುವಿನಲ್ಲಿ ಬದಲಾವಣೆ ಇಲ್ಲ. ಆದರೆ ಆ ನಿಲುವಿನ ಖರ್ಚನ್ನು ಈಗ ಯಾರು ಭರಿಸುತ್ತಿದ್ದಾರೆ ಎಂದು ಕೇಳಿಕೊಳ್ಳುವುದು ನಮ್ಮ ಕರ್ತವ್ಯ. ಗುಡ್ಡ ಉಳಿದರೆ ಲಾಭ ನದಿಯ ಕೆಳಪಾತ್ರದ ನಗರಗಳಿಗೂ ಉಂಟು, ನಷ್ಟ ಮಾತ್ರ ಸ್ಟ್ಯಾಂಡಿನಲ್ಲಿ ನಿಂತ ಐದಾರು ಜೀಪುಗಳಿಗೆ. ಇದು ನ್ಯಾಯವಲ್ಲ.

ಚಾಲಕರಿಗೆ ಸಹಾಯಧನ ಕೊಡುವುದು ಹೊಸ ವಿಚಾರವೇನೂ ಅಲ್ಲ. ಕೊರೊನಾ ಕಾಲದಲ್ಲಿ ಇದು ಹಲವೆಡೆ ನಡೆಯಿತು. ಹಣ ಯಾರ ಕೈಯಿಂದ, ಯಾವ ಪಟ್ಟಿಯ ಆಧಾರದ ಮೇಲೆ ಬಂದಿತು ಎಂಬುದನ್ನು ಗಮನಿಸಿದರೆ ನಮಗೆ ಬೇಕಾದ ಪಾಠ ಅಲ್ಲಿದೆ.

ನಮ್ಮ ರಾಜ್ಯದ್ದನ್ನೇ ಮೊದಲು ನೋಡೋಣ. 2020ರ ಮೇ 6ರಂದು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು 1,610 ಕೋಟಿ ರೂಪಾಯಿಗಳ ಪರಿಹಾರವನ್ನು ಪ್ರಕಟಿಸಿದರು. ಅದರಲ್ಲಿ ಸುಮಾರು 7.75 ಲಕ್ಷ ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಎಂದಿತ್ತು. ಮರುವರ್ಷ, 2021ರ ಮೇ ತಿಂಗಳಲ್ಲಿ, ಎರಡನೆಯ ಅಲೆಯ ವೇಳೆಗೆ ಪ್ರಕಟವಾದ ನೆರವಿನಲ್ಲಿ ಆಟೋ, ಟ್ಯಾಕ್ಸಿ ಮತ್ತು ಮ್ಯಾಕ್ಸಿಕ್ಯಾಬ್ ಚಾಲಕರಿಗೆ ತಲಾ 3,000 ರೂಪಾಯಿ ಎಂದಿತ್ತು. ಈ ಸಲ ಅಂದಾಜಿಸಿದ ಫಲಾನುಭವಿಗಳ ಸಂಖ್ಯೆ 2.10 ಲಕ್ಷ. ಒಂದೇ ವರ್ಷದಲ್ಲಿ ರಾಜ್ಯದ ಚಾಲಕರ ಸಂಖ್ಯೆ ಮೂರರಲ್ಲೊಂದು ಪಾಲಿಗಿಂತಲೂ ಕಡಿಮೆಯಾಗಲು ಸಾಧ್ಯವಿಲ್ಲ. ಕಡಿಮೆಯಾದದ್ದು ಲೆಕ್ಕಕ್ಕೆ ಸಿಕ್ಕವರ ಸಂಖ್ಯೆ.

ಅರ್ಜಿಯನ್ನು ಸೇವಾ ಸಿಂಧು ಜಾಲತಾಣದಲ್ಲಿ ಸಲ್ಲಿಸಬೇಕಾಗಿತ್ತು. ಚಾಲನಾ ಪರವಾನಗಿ, ವಾಹನದ ದಾಖಲೆ, ಆಧಾರ್, ಬ್ಯಾಂಕ್ ಖಾತೆ ಎಲ್ಲವೂ ಒಂದಕ್ಕೊಂದು ಹೊಂದಬೇಕು. ಸಾರ್ವಜನಿಕ ಹಣಕ್ಕೆ ದಾಖಲೆ ಕೇಳುವುದು ತಪ್ಪಲ್ಲ. ಆದರೆ ನಮ್ಮ ಕಡೆಯ ವಾಸ್ತವ ಹೇಗಿದೆ? ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತಬೇಕು. ಗಾಡಿ ಅಣ್ಣನ ಹೆಸರಿನಲ್ಲಿ, ಓಡಿಸುವವನು ತಮ್ಮ. ಹಲವು ಜೀಪುಗಳಿಗೆ ಇರುವುದು ಬಿಳಿ ಬೋರ್ಡು; ಹಳದಿ ಬೋರ್ಡಿನ ತೆರಿಗೆ, ಎಫ್.ಸಿ., ಇನ್ಷೂರೆನ್ಸುಗಳ ಖರ್ಚನ್ನು ಆ ರಸ್ತೆಯ ಆದಾಯ ತಾಳುವುದಿಲ್ಲ. ಬಿಳಿ ಬೋರ್ಡಿನಲ್ಲಿ ಬಾಡಿಗೆ ಓಡಿಸುವುದು ಕಾನೂನಿಗೆ ವಿರುದ್ಧ, ಅಪಘಾತವಾದರೆ ಪ್ರಯಾಣಿಕರಿಗೆ ವಿಮೆಯೂ ಸಿಗದಿರಬಹುದು. ಅದನ್ನು ನಾವು ಸಮರ್ಥಿಸುವುದಿಲ್ಲ. ಆದರೂ ಊರಿನವರ ಪ್ರಾಣ ಉಳಿಸಿದ ಗಾಡಿಯೇ ಸರ್ಕಾರದ ಪಟ್ಟಿಯಲ್ಲಿ ಇರಲಿಲ್ಲ ಎಂಬುದನ್ನು ಮರೆಯಲಾಗದು.

ಇನ್ನು ಬ್ರಿಟನ್ನಿನ ಉದಾಹರಣೆ. ಅಷ್ಟು ದೂರದ ನಾಡನ್ನು ಇಲ್ಲಿ ತರುವುದಕ್ಕೆ ಕಾರಣವಿದೆ. ಅಲ್ಲಿ ಲಂಡನ್ ಮತ್ತು ಉತ್ತರ ಐರ್ಲೆಂಡ್ ಹೊರತಾಗಿ ಟ್ಯಾಕ್ಸಿಗೂ ಅದರ ಚಾಲಕನಿಗೂ ಪರವಾನಗಿ ಕೊಡುವುದು ಸ್ಥಳೀಯ ಕೌನ್ಸಿಲ್, ಅಂದರೆ ನಮ್ಮ ಪಂಚಾಯಿತಿ, ಪುರಸಭೆಗಳಂಥ ಚುನಾಯಿತ ಸಂಸ್ಥೆ. ಆದ್ದರಿಂದ ಚಾಲಕರ ಪಟ್ಟಿ ಕೌನ್ಸಿಲ್ಲಿನ ಕಪಾಟಿನಲ್ಲಿಯೇ ಇತ್ತು. ಸ್ಕಾಟ್ಲೆಂಡ್ ಸರ್ಕಾರವು 2021ರ ಆರಂಭದಲ್ಲಿ ಪ್ರತಿ ಟ್ಯಾಕ್ಸಿ ಚಾಲಕನಿಗೆ 1,500 ಪೌಂಡ್ ಕೊಡಲು ನಿರ್ಧರಿಸಿ, ಹಂಚುವ ಹೊಣೆಯನ್ನು ಕೌನ್ಸಿಲ್ಲುಗಳಿಗೆ ವಹಿಸಿತು. ಕೌನ್ಸಿಲ್ಲುಗಳು ತಮ್ಮ ಪರವಾನಗಿ ಪಟ್ಟಿಯನ್ನು ತೆಗೆದು ಚಾಲಕರನ್ನು ತಾವೇ ಸಂಪರ್ಕಿಸಿದವು. ಕೊಡುವವನೇ ಬಾಗಿಲಿಗೆ ಬಂದಂತಾಯಿತು.

ಇಂಗ್ಲೆಂಡಿನಲ್ಲಿ ಕ್ರಮ ಬೇರೆಯಾಗಿತ್ತು. 2020ರ ನವೆಂಬರ್‌ನಲ್ಲಿ ಅಲ್ಲಿಯ ಸರ್ಕಾರವು ಜನಸಂಖ್ಯೆಯ ಆಧಾರದ ಮೇಲೆ, ತಲೆಗೆ 20 ಪೌಂಡಿನಂತೆ, ಕೌನ್ಸಿಲ್ಲುಗಳಿಗೆ ಒಂದು ನಿಧಿ ಕೊಟ್ಟು, ಸಂಕಷ್ಟದಲ್ಲಿರುವ ಸ್ಥಳೀಯ ಉದ್ಯೋಗಗಳಲ್ಲಿ ಯಾರಿಗೆ ಎಷ್ಟು ಎಂಬುದನ್ನು ನೀವೇ ನಿರ್ಧರಿಸಿ ಎಂದಿತು. ಹಲವು ಕೌನ್ಸಿಲ್ಲುಗಳು ಟ್ಯಾಕ್ಸಿ ಚಾಲಕರಿಗೆಂದೇ ಸಹಾಯಧನ ಮೀಸಲಿಟ್ಟವು. ಆದರೆ ಎಲ್ಲೆಡೆ ಒಂದೇ ನಿಯಮವಿರಲಿಲ್ಲ. ಪಕ್ಕಪಕ್ಕದ ಊರುಗಳಲ್ಲಿ ಮೊತ್ತ ಬೇರೆ, ಷರತ್ತು ಬೇರೆ. ಒಂದು ಕೌನ್ಸಿಲ್ಲಿನ ಪರವಾನಗಿ ಪಡೆದು ಇನ್ನೊಂದರಲ್ಲಿ ವಾಸಿಸುವವರು ಯಾರಿಗೆ ಸೇರಿದವರು ಎಂಬ ಪ್ರಶ್ನೆಯೂ ಎದ್ದಿತು. ಸ್ಥಳೀಯ ಸ್ವಾತಂತ್ರ್ಯ ಒಳ್ಳೆಯದು, ಆದರೆ ಕನಿಷ್ಠ ಮೊತ್ತ ಮತ್ತು ಕನಿಷ್ಠ ನಿಯಮವನ್ನು ಮೇಲಿನ ಸರ್ಕಾರ ಗೊತ್ತುಮಾಡದಿದ್ದರೆ ನ್ಯಾಯವು ಊರಿಂದೂರಿಗೆ ಬದಲಾಗುತ್ತದೆ ಎಂಬುದು ಈ ಅನುಭವದ ಸಾರ.

ನೆರೆಯ ಆಂಧ್ರಪ್ರದೇಶದಲ್ಲಿ 2019ರಲ್ಲಿ ಸ್ವಂತ ಆಟೋ, ಟ್ಯಾಕ್ಸಿ, ಮ್ಯಾಕ್ಸಿಕ್ಯಾಬ್ ಓಡಿಸುವವರಿಗೆ ವರ್ಷಕ್ಕೆ 10,000 ರೂಪಾಯಿ ಕೊಡುವ ಯೋಜನೆ ಆರಂಭವಾಯಿತು. ಇನ್ಷೂರೆನ್ಸ್, ಎಫ್.ಸಿ., ದುರಸ್ತಿಗಳ ಖರ್ಚಿಗೆಂದು ಆ ಹಣ. ಗ್ರಾಮ ಮತ್ತು ವಾರ್ಡ್ ಸಚಿವಾಲಯಗಳು ಅದರ ಅನುಷ್ಠಾನದಲ್ಲಿ ಪಾಲ್ಗೊಂಡವು. ಸರ್ಕಾರ ಬದಲಾದ ಮೇಲೆ, 2025ರ ಅಕ್ಟೋಬರ್‌ನಲ್ಲಿ, 15,000 ರೂಪಾಯಿಗಳ ಬೇರೊಂದು ಯೋಜನೆ ಬಂದಿತು. ಅಲ್ಲಿಯೂ ಮಾಲೀಕನೇ ಚಾಲಕನಾಗಿರಬೇಕು. ಬೇರೆಯವರ ಗಾಡಿಯನ್ನು ದಿನಗೂಲಿಗೆ ಓಡಿಸುವವನು ಹೊರಗೇ ಉಳಿದ.

ಕರ್ನಾಟಕದಲ್ಲಿ 2024ರಲ್ಲಿ ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆ ಹಾಗೂ ಕಲ್ಯಾಣಕ್ಕೆಂದು ಕಾಯಿದೆಯೇ ಬಂದಿದೆ. ಚಾಲಕ, ಕ್ಲೀನರ್, ಗ್ಯಾರೇಜಿನ ಕೆಲಸಗಾರ ಎಲ್ಲರೂ ಅದರಡಿ ನೋಂದಾಯಿಸಿಕೊಳ್ಳಬಹುದು. ಇದು ಸ್ವಾಗತಾರ್ಹ. ನಮ್ಮ ಓದುಗರಲ್ಲಿ ಚಾಲಕರಿದ್ದರೆ ನೋಂದಣಿಯನ್ನು ತಪ್ಪಿಸಿಕೊಳ್ಳಬಾರದು. ಆದರೆ ಅಲ್ಲಿನ ಪ್ರಯೋಜನಗಳು ಮುಖ್ಯವಾಗಿ ಅಪಘಾತ ಮತ್ತು ಮಕ್ಕಳ ವಿದ್ಯಾಭ್ಯಾಸಗಳ ಸುತ್ತ ಇವೆ. ರಸ್ತೆ ಮುಚ್ಚಿದ ದಿನಗಳ ಪ್ರಶ್ನೆ ಹಾಗೆಯೇ ಉಳಿದಿದೆ.

ಈ ಅನುಭವಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಸಹಾಯಧನವು ತಲುಪುವುದು ಪಟ್ಟಿಯಲ್ಲಿ ಇರುವವನಿಗೆ. ಪಟ್ಟಿಯು ದೂರದ ಕಚೇರಿಯಲ್ಲಿದ್ದರೆ ದೂರದವರಿಗೆ ಕಾಣುವವನಷ್ಟೇ ಅದರಲ್ಲಿರುತ್ತಾನೆ. ನಮ್ಮಲ್ಲಿ ವಾಹನದ ಪಟ್ಟಿ ಇರುವುದು ಆರ್.ಟಿ.ಒ. ಕಚೇರಿಯಲ್ಲಿ, ಅದು ಅನೇಕ ಹಳ್ಳಿಗಳಿಗೆ ಒಂದು ದಿನದ ಪ್ರಯಾಣ. ಯಾವ ಗಾಡಿ ಯಾವ ಮಜಿರೆಗೆ ಹೋಗುತ್ತದೆ, ಯಾರು ನಿಜವಾಗಿ ಓಡಿಸುತ್ತಾರೆ ಎಂಬುದನ್ನು ಬಲ್ಲ ಗ್ರಾಮ ಪಂಚಾಯಿತಿಗೆ ಈ ವಿಚಾರದಲ್ಲಿ ಅಧಿಕಾರವೂ ಇಲ್ಲ, ಹಣವೂ ಇಲ್ಲ. ಸಂವಿಧಾನದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ರಸ್ತೆ, ಸೇತುವೆ, ದೋಣಿ ಸಂಚಾರಗಳ ಹೆಸರಿದೆ. ಬಾಡಿಗೆ ಜೀಪಿನ ಹೆಸರಿಲ್ಲ. 2021ರಿಂದ 2026ರ ಅವಧಿಗೆ ಹದಿನೈದನೆಯ ಹಣಕಾಸು ಆಯೋಗ ಪಂಚಾಯಿತಿಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿಯೂ ಶೇ. 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿತ್ತು. ಉಳಿದ ಅಲ್ಪ ಹಣದಲ್ಲಿ ಚಾಲಕರಿಗೆ ಕೊಡಿ ಎಂದು ಪಂಚಾಯಿತಿ ಅಧ್ಯಕ್ಷರ ಮೇಲೆ ಒತ್ತಡ ಹಾಕುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ದಾರಿ ಯಾವುದು? ಕೃಷಿ ವಿಜ್ಞಾನದ ವಿದ್ಯಾರ್ಥಿಯಾಗಿ ನನಗೆ ಹೊಳೆಯುವ ಮಾದರಿ ನಮ್ಮ ಅಡಿಕೆ ತೋಟದಲ್ಲಿಯೇ ಇದೆ. ಹವಾಮಾನ ಆಧಾರಿತ ಬೆಳೆ ವಿಮೆಯನ್ನು ಮಲೆನಾಡಿನ ಬಹುತೇಕ ಬೆಳೆಗಾರರು ಬಲ್ಲರು. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತಕ್ಕೆ ರೈತನ ಪಾಲು ಶೇ. 5, ಅಂದರೆ 6,400 ರೂಪಾಯಿ. ಉಳಿದ ಕಂತು ಕೇಂದ್ರ ಮತ್ತು ರಾಜ್ಯ ಸರ್ಕಾರಗಳದು. ಕೊಳೆರೋಗದಿಂದ ಎಷ್ಟು ಗೊನೆ ಹೋಯಿತೆಂದು ಯಾರೂ ತೋಟಕ್ಕೆ ಬಂದು ಎಣಿಸುವುದಿಲ್ಲ. ಪಂಚಾಯಿತಿಯ ಮಳೆಮಾಪಕದ ಅಂಕಿ ಗೊತ್ತಾದ ಮಿತಿಯನ್ನು ದಾಟಿದರೆ ಪರಿಹಾರ ಖಾತೆಗೆ ಬರುತ್ತದೆ. ಮಾಪಕ ಕೆಟ್ಟು ತಕರಾರು ಎದ್ದ ವರ್ಷಗಳೂ ಉಂಟು. ಆದರೂ ಕಚೇರಿಯಿಂದ ಕಚೇರಿಗೆ ಅಲೆಯದೆ, ಅಳೆಯಬಹುದಾದ ಒಂದು ಸಂಗತಿಯ ಮೇಲೆ ಹಣ ಬರುವ ಈ ಕ್ರಮ ಸರಿಯಾದದ್ದು.

ರಸ್ತೆಯ ವಿಚಾರದಲ್ಲಿ ಅಳತೆ ಇನ್ನೂ ಸುಲಭ. ಘಾಟಿ ಮುಚ್ಚುವುದು ಜಿಲ್ಲಾಡಳಿತದ ಲಿಖಿತ ಆದೇಶದಿಂದ. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂಬುದು ಆ ಕಾಗದದಲ್ಲಿಯೇ ಇರುತ್ತದೆ. ಪಂಚಾಯಿತಿಯು ತನ್ನ ವ್ಯಾಪ್ತಿಯ ಬಾಡಿಗೆ ವಾಹನಗಳ, ಅವುಗಳನ್ನು ನಿಜವಾಗಿ ಓಡಿಸುವವರ ಒಂದು ವಹಿಯನ್ನು ಇಟ್ಟು ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಓದಿ ಹೇಳಲಿ. ವರ್ಷದಲ್ಲಿ ಗೊತ್ತಾದ ದಿನಗಳಿಗಿಂತ ಹೆಚ್ಚು ಕಾಲ ರಸ್ತೆಯಾಗಲಿ ತಾಣವಾಗಲಿ ಮುಚ್ಚಿದರೆ, ಹೆಚ್ಚುವರಿ ದಿನಗಳಿಗೆ ದಿನವೊಂದಕ್ಕೆ ಇಷ್ಟೆಂಬ ಕನಿಷ್ಠ ಮೊತ್ತ ಆ ವಹಿಯಲ್ಲಿರುವವರ ಖಾತೆಗೆ ಬರಲಿ. ಮೊತ್ತವನ್ನೂ ನಿಯಮವನ್ನೂ ರಾಜ್ಯ ಸರ್ಕಾರ ಗೊತ್ತುಮಾಡಲಿ. ಹಣದ ಒಂದು ಪಾಲು ಪ್ರವಾಸಿ ತಾಣಗಳ ಪ್ರವೇಶ ಮತ್ತು ವಾಹನ ನಿಲುಗಡೆ ಶುಲ್ಕದಿಂದ ಬರಲಿ. ಗುಡ್ಡವನ್ನು ನೋಡಲು ಬರುವವರು ಗುಡ್ಡದ ವಿಶ್ರಾಂತಿಗೂ ಸ್ವಲ್ಪ ಕೊಡುವುದು ಅನ್ಯಾಯವಾಗದು.

ಇದಕ್ಕೆ ಬರುವ ಆಕ್ಷೇಪಗಳನ್ನು ನಾವೇ ಎತ್ತಿಕೊಳ್ಳುವುದು ಒಳ್ಳೆಯದು. ಹಣ ಸಿಗುವುದೆಂದರೆ ಗಾಡಿಗಳು ಇನ್ನೂ ಹೆಚ್ಚುವುದಿಲ್ಲವೆ? ಹೆಚ್ಚಬಹುದು. ಆದ್ದರಿಂದ ಯೋಜನೆ ಆರಂಭವಾಗುವ ದಿನದ ವಹಿಯೇ ಆಧಾರವಾಗಬೇಕು. ಹೊಸ ಸೇರ್ಪಡೆಗೆ ಗ್ರಾಮಸಭೆಯ ಒಪ್ಪಿಗೆ ಬೇಕು. ಒಂದು ಕುಟುಂಬಕ್ಕೆ ಒಂದೇ ವಾಹನವೆಂಬ ಮಿತಿ ಇರಬೇಕು. ಸದಸ್ಯರು ತಮ್ಮವರ ಹೆಸರನ್ನಷ್ಟೇ ಸೇರಿಸಿದರೆ? ಆ ಭಯ ನಿರಾಧಾರವಲ್ಲ. ಮನೆ ಹಂಚಿಕೆಯಲ್ಲಿ ನಾವು ಅದನ್ನು ಕಂಡಿದ್ದೇವೆ. ಪಟ್ಟಿಯನ್ನು ಪಂಚಾಯಿತಿಯ ಗೋಡೆಯ ಮೇಲೆ ಅಂಟಿಸುವುದು, ಸಭೆಯಲ್ಲಿ ಗಟ್ಟಿಯಾಗಿ ಓದುವುದು ಇವೇ ಅದಕ್ಕೆ ಮದ್ದು. ಆರ್.ಟಿ.ಒ. ಪಟ್ಟಿಯಲ್ಲಿ ಸುಳ್ಳಿದ್ದರೆ ನಮಗೆ ಗೊತ್ತಾಗುವುದಿಲ್ಲ. ಊರಿನ ಪಟ್ಟಿಯಲ್ಲಿ ಸುಳ್ಳಿದ್ದರೆ ಹತ್ತು ಜನ ಎದ್ದು ಕೇಳುತ್ತಾರೆ.

ಬಿಳಿ ಬೋರ್ಡಿನವರಿಗೂ ಕೊಡಬೇಕೆ ಎಂಬುದು ಕಠಿಣ ಪ್ರಶ್ನೆ. ಹಾಗೆಯೇ ಕೊಟ್ಟರೆ ಕಾನೂನು ಮೀರಿದ್ದಕ್ಕೆ ಬಹುಮಾನ ಕೊಟ್ಟಂತಾಗುತ್ತದೆ. ಮೊದಲ ವರ್ಷದ ಸಹಾಯಧನವನ್ನು ಹಳದಿ ಬೋರ್ಡಿಗೆ ಬದಲಾಯಿಸುವ ಖರ್ಚಿಗೇ ಕೊಡುವುದು ಸೂಕ್ತವೆಂದು ನನ್ನ ಅಭಿಪ್ರಾಯ. ಅದರಿಂದ ಪ್ರಯಾಣಿಕರಿಗೂ ವಿಮೆಯ ರಕ್ಷಣೆ ದೊರೆಯುತ್ತದೆ. ಗುಡಿಸಲು ಹೋಟೆಲಿನವರು, ತೋಟದ ಕೂಲಿಯವರು ನಷ್ಟ ಅನುಭವಿಸುವುದಿಲ್ಲವೆ ಎಂದೂ ಕೇಳಬಹುದು. ಖಂಡಿತ ಅನುಭವಿಸುತ್ತಾರೆ, ಅವರ ಸರದಿಯೂ ಬರಬೇಕು. ಎಲ್ಲರಿಗೂ ಒಮ್ಮೆಗೇ ಆಗಲೆಂದು ಕಾದರೆ ಯಾರಿಗೂ ಆಗುವುದಿಲ್ಲ. ಆದೇಶವೂ ದಿನಾಂಕವೂ ಕಾಗದದ ಮೇಲೆ ಇರುವ ಕಡೆಯಿಂದ ಆರಂಭಿಸೋಣ.

ಚಾಲಕ ಬಂಧುಗಳಿಗೂ ಒಂದು ಮಾತು. ಸಹಾಯಧನ ಬಂದರೆ ಹೊಣೆಯೂ ಜೊತೆಗೆ ಬರುತ್ತದೆ. ರಸ್ತೆ ಬಿಟ್ಟು ಹುಲ್ಲುಗಾವಲಿಗೆ ಗಾಡಿ ಇಳಿಸಬಾರದು, ಪ್ರವಾಸಿಗರು ಬಿಸಾಡಿದ ಬಾಟಲಿ, ಪ್ಲಾಸ್ಟಿಕ್ಕುಗಳನ್ನು ಹಿಂದಕ್ಕೆ ತರಬೇಕು. ಈ ಎರಡು ನಿಯಮಗಳನ್ನು ಮುರಿದವರ ಹೆಸರು ಒಂದು ವರ್ಷ ವಹಿಯಿಂದ ಹೊರಗಿರಲಿ. ಗುಡ್ಡದಲ್ಲಿ ಎಲ್ಲಿ ನೀರು ಒಸರುತ್ತದೆ, ಎಲ್ಲಿ ರಸ್ತೆಯ ಅಂಚು ಬಿರುಕು ಬಿಟ್ಟಿದೆ ಎಂಬುದು ಇಂಜಿನಿಯರರಿಗಿಂತ ಮೊದಲು ತಿಳಿಯುವುದು ನಿಮಗೆ. ಆ ತಿಳಿವಳಿಕೆಯನ್ನು ಪಂಚಾಯಿತಿಗೆ ಬರೆದು ತಿಳಿಸಿದರೆ ಅದು ಊರಿಗೆ ಮಾಡಿದ ದೊಡ್ಡ ಸೇವೆ.

ಮಾಧವ ಗಾಡ್ಗೀಳ್ ಅವರ ನೇತೃತ್ವದ ಪಶ್ಚಿಮಘಟ್ಟ ಸಮಿತಿಯು 2011ರಲ್ಲಿ ಸಲ್ಲಿಸಿದ ವರದಿಯ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಗದ್ದಲವಾಯಿತು. ಗದ್ದಲದಲ್ಲಿ ಮುಳುಗಿಹೋದ ಮಾತೊಂದಿದೆ. ನಿರ್ಧಾರಗಳು ಗ್ರಾಮಸಭೆಯಿಂದ ಮೇಲಕ್ಕೆ ಹೋಗಬೇಕು, ನಿಸರ್ಗವನ್ನು ಕಾಯುವ ಸ್ಥಳೀಯರಿಗೆ ಅದಕ್ಕಾಗಿ ಹಣ ಸಲ್ಲಬೇಕು ಎಂದು ಆ ವರದಿ ಹೇಳಿತ್ತು. ನಿರ್ಬಂಧಗಳು ಮಾತ್ರ ಮೇಲಿನಿಂದ ಬಂದು, ಹಣದ ಮಾತು ಬಾರದೇ ಹೋದುದರಿಂದಲೇ ಪರಿಸರವೆಂಬ ಶಬ್ದ ಕೇಳಿದರೆ ನಮ್ಮ ಹಳ್ಳಿಗಳಲ್ಲಿ ಅನುಮಾನ ಹುಟ್ಟುತ್ತದೆ. ಆ ಅನುಮಾನವನ್ನು ಭಾಷಣದಿಂದ ಕಳೆಯಲಾಗದು.

ಕಾಲೇಜಿನಲ್ಲಿ ಓದುತ್ತಿರುವ ಮಿತ್ರರಿಗೆ ಒಂದು ಕೆಲಸ ಒಪ್ಪಿಸುತ್ತಿದ್ದೇವೆ. ನಿಮ್ಮ ಊರಿನ ರಸ್ತೆ ಈ ವರ್ಷ ಯಾವ ಯಾವ ದಿನ, ಯಾರ ಆದೇಶದಿಂದ ಅಥವಾ ಯಾವ ಕುಸಿತದಿಂದ ಮುಚ್ಚಿತ್ತು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸ್ಟ್ಯಾಂಡಿಗೆ ಹೋಗಿ ಬಾಡಿಗೆ ವಾಹನಗಳೆಷ್ಟು, ಸ್ವಂತದ್ದೆಷ್ಟು, ಕೂಲಿಗೆ ಓಡಿಸುವವರೆಷ್ಟು ಎಂದು ಕೇಳಿ ಬರೆದುಕೊಳ್ಳಿ. ಮುಂದಿನ ಗ್ರಾಮಸಭೆಯಲ್ಲಿ ಆ ಲೆಕ್ಕವನ್ನು ಮಂಡಿಸಿ, ವಹಿ ಇಡಬೇಕೆಂಬ ಠರಾವಿಗೆ ಒತ್ತಾಯಿಸಿ. ಠರಾವಿನ ಪ್ರತಿಯೊಂದನ್ನು ಬಳಗಕ್ಕೆ ಕಳುಹಿಸಿದರೆ ಎಲ್ಲವನ್ನೂ ಒಟ್ಟುಗೂಡಿಸಿ ಜಿಲ್ಲಾಡಳಿತಕ್ಕೆ ತಲುಪಿಸುವ ಹೊಣೆ ನಮ್ಮದು.

ಅಂದು ಸ್ಟ್ಯಾಂಡಿನಲ್ಲಿ ಪ್ರಶ್ನೆ ಕೇಳಿದ ಚಾಲಕನಿಗೆ ಈ ಸಂಚಿಕೆಯನ್ನು ನಾನೇ ಕೊಂಡೊಯ್ದು ಕೊಡುವವನಿದ್ದೇನೆ. ಅವನ ಕಂತನ್ನು ಇದು ಕಟ್ಟುವುದಿಲ್ಲ. ಆದರೆ ಅದು ಅವನೊಬ್ಬನ ಲೆಕ್ಕವಲ್ಲ, ನಮ್ಮೆಲ್ಲರ ಲೆಕ್ಕವೆಂದು ನಾವು ಒಪ್ಪಿಕೊಂಡಿದ್ದೇವೆ ಎಂಬುದನ್ನಾದರೂ ಅವನು ಓದಲಿ. ವಾಹನ ಮಿತಿಯ ಬೇಡಿಕೆಯನ್ನು ಇನ್ನು ಮುಂದೆ ನಮ್ಮ ಬಳಗವು ಈ ಪರಿಹಾರದ ಬೇಡಿಕೆಯ ಜೊತೆಯಲ್ಲಿಯೇ ಮಂಡಿಸುತ್ತದೆ, ಒಂದನ್ನು ಬಿಟ್ಟು ಇನ್ನೊಂದನ್ನಲ್ಲ.